ಜೀನ್ಸ್ ಬಟ್ಟೆ ಮೇಲೆ ಅದಿರಿನ ಕೆಂಪು

ಬಳ್ಳಾರಿಯಲ್ಲಿ ಬೇಸಿಗೆ ಪ್ರದರ್ಶನ ಅಂದರೆ ಜನ ಬರುವುದೇ ಸಂಜೆ ಆರರ ಮೇಲೆ. ಮೇ ತಿಂಗಳು, 40 ಡಿಗ್ರಿ ದಾಟಿದ ಬಿಸಿಲು, ಮಧ್ಯಾಹ್ನ ಯಾರು ಬರುತ್ತಾರೆ? ಊರಿನ ಚಿಕ್ಕ ಗ್ಯಾಲರಿಯೊಂದು ಚಿತ್ರ, ಶಿಲ್ಪ ಸೇರಿಸಿ ಮಾಡಿದ ಪ್ರದರ್ಶನಕ್ಕೆ ನಾನು ಕೊಟ್ಟಿದ್ದು ಒಂದೇ ಚಿತ್ರ. ನಾಲ್ಕಡಿ ಅಗಲ, ಮೂರಡಿ ಎತ್ತರ. ಕ್ಯಾನ್ವಾಸ್ ಬದಲು ಜೀನ್ಸ್ ಬಟ್ಟೆ, ಬಣ್ಣಕ್ಕೆ ಸಂಡೂರು ಕಡೆಯ ಕಬ್ಬಿಣದ ಅದಿರಿನ ಧೂಳು.

ಜೀನ್ಸ್ ನಮ್ಮೂರಲ್ಲಿ ಬೇಕಾದಷ್ಟು. ಹೊಲಿಯುವ ಕಡೆ ಉಳಿದ ತುಂಡುಗಳನ್ನು ಕೆಜಿ ಲೆಕ್ಕದಲ್ಲಿ ತಂದೆ. ಆದರೆ ಎಲ್ಲವೂ ಆಗುವುದಿಲ್ಲ. ಅಡ್ಡಕ್ಕೆ ಜಗ್ಗಿ ಬಿಟ್ಟಾಗ ಸಟಕ್ಕನೆ ಹಿಂದಕ್ಕೆ ಹೋದರೆ ಅದರಲ್ಲಿ ಲೈಕ್ರಾ ಇದೆ, ಚೌಕಟ್ಟಿಗೆ ಹೊಡೆದರೆ ಜೋಲು ಬೀಳುತ್ತದೆ. ಬರೀ ಹತ್ತಿಯದನ್ನು ಆರಿಸಿ ಪಕ್ಕದ ಬೀದಿಯ ಟೇಲರ್ ಅಕ್ಕನ ಹತ್ತಿರ ಜೋಡಿಸಿ ಹೊಲಿಸಿದೆ. ಒಂದು ಮೂಲೆಗೆ ಬಟ್ಟೆ ಸಾಲದೆ ಕೊನೆಗೆ ನಾನೇ ಕೈಯಲ್ಲಿ ಹೊಲಿದೆ. ಮೊದಲ ಪ್ರಯೋಗದಲ್ಲಿ ಅಡಿಬಣ್ಣವಾಗಿ ಬಿಳಿ ಪ್ರೈಮರ್ ಬಳಿದೆ. ಬೆಳಗ್ಗೆ ನೋಡಿದರೆ ಅದಕ್ಕೆ ಬಟ್ಟೆಯ ನೀಲಿ ಅಂಟಿ, ನೀಲಿ ಹಾಕಿದ ಪಂಚೆಯ ಹಾಗೆ ಕಂಡಿತು. ಆಮೇಲೆ ನೀರು ತಿಳಿಯಾಗುವವರೆಗೆ ಬಟ್ಟೆ ತೊಳೆದು, ಬಣ್ಣವಿಲ್ಲದ ಅಕ್ರಿಲಿಕ್ ಮೀಡಿಯಂ ಎರಡು ಸಲ ಬಳಿದೆ.

ಅದಿರಿನ ಕೆಲಸಕ್ಕೇ ಜಾಸ್ತಿ ದಿನ ಹಿಡಿಯಿತು. ಧೂಳನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಹತ್ತು ಎಣಿಸಿ, ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸುವುದು. ಮರಳು, ಕಲ್ಲು ತಳದಲ್ಲೇ ಉಳಿಯುತ್ತವೆ. ಹೀಗೆ ಮೂರು ಸಲ. ರಾತ್ರಿ ಇಟ್ಟರೆ ತಳದಲ್ಲಿ ಬೆಣ್ಣೆಯಂಥ ಕೆಸರು ಕೂರುತ್ತದೆ. ಒಣಗಿಸಿ ಅರೆಯುವಾಗ ಮೂಗಿಗೆ ಮಾಸ್ಕ್ ಬೇಕೇ ಬೇಕು. ಜಾಲಿ ಅಂಟಿನಲ್ಲಿ ಕಲಸಿದ ಬಣ್ಣ ಕಾಗದದ ಮೇಲೆ ಚೆನ್ನಾಗಿತ್ತು. ಬಟ್ಟೆ ಮಡಚಿದ ಕೂಡಲೇ ಬಿರುಕು ಬಿಟ್ಟಿತು. ಹಾಗಾಗಿ ಅಕ್ರಿಲಿಕ್ ಬೈಂಡರ್‌ಗೆ ಬಂದೆ. ಅದಿರು ನೀರಿಗಿಂತ ಐದು ಪಟ್ಟು ಭಾರ. ಬಟ್ಟಲಲ್ಲಿ ಸುಮ್ನೆ ಬಿಟ್ಟರೆ ಕೆಳಗೆ ಕೂರುತ್ತದೆ, ಬ್ರಷ್‌ನಿಂದ ಕಲಕುತ್ತಲೇ ಇರಬೇಕು.

ಈ ಕೆಂಪು ಮಾಸುವುದಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಬಂಡೆಗಳ ಮೇಲೆ ಇಂಥದೇ ಕೆಂಪಿನ ಪ್ರಾಚೀನ ಚಿತ್ರಗಳು ಇವತ್ತಿಗೂ ಕಾಣುತ್ತವೆ. ಜೀನ್ಸಿನ ನೀಲಿ ಮಾತ್ರ ಬಿಸಿಲಿಗೆ ಬಿಳಚುತ್ತದೆ. ಕೇಳಿದವರಿಗೆಲ್ಲ ಇದನ್ನು ಹೇಳಿಯೇ ಬೆಲೆ ಹೇಳಿದೆ.

ಎಡವಟ್ಟಾಗಿದ್ದು ಸಾಗಿಸುವಾಗ. ಬಬಲ್ ರ‍್ಯಾಪ್ ಅನ್ನು ಬಣ್ಣಕ್ಕೆ ನೇರವಾಗಿ ಸುತ್ತಿದ್ದೆ, ಅದೂ ಗುಳ್ಳೆ ಒಳಮುಖ ಮಾಡಿ. ಅಕ್ರಿಲಿಕ್ ಸೆಕೆಗೆ ಮೆತ್ತಗಾಗುತ್ತದೆ ಅಂತ ಗೊತ್ತಿದ್ದೂ! ಟೆಂಪೋದಲ್ಲಿ ಮುಕ್ಕಾಲು ಗಂಟೆ, ಬಿಚ್ಚಿದರೆ ಕೆಂಪಿನ ಮೇಲೆಲ್ಲ ಕಾಸಿನಗಲದ ಗುಂಡು ಗುರುತು. ತಿದ್ದಲು ಹೊತ್ತಿರಲಿಲ್ಲ. ಈಗ ಮೊದಲು ಬಟರ್ ಪೇಪರ್, ಅದರ ಮೇಲೆ ರ‍್ಯಾಪ್, ಗುಳ್ಳೆ ಹೊರಗೆ. ಗೆಳೆಯನ ಕಷ್ಟ ಬೇರೆ. ಲಾರಿಯ ಕಮಾನು ಪಟ್ಟಿಗಳನ್ನು ಬೆಸೆದು ಶಿಲ್ಪ ಮಾಡಿದ್ದ. ಆ ಗಟ್ಟಿ ಉಕ್ಕನ್ನು ಮೊದಲೇ ಕಾಯಿಸದೆ ವೆಲ್ಡಿಂಗ್ ಮಾಡಿದ್ದಕ್ಕೆ ಒಂದು ಬೆಸುಗೆ ಟಣ್ ಅಂತ ಬಿಟ್ಟುಕೊಂಡಿತ್ತು.

ಮೊದಲ ಸಂಜೆ ಒಬ್ಬರು ನನ್ನ ಚಿತ್ರದ ಗುರುತುಗಳನ್ನು ನೋಡಿ, "ಮಳೆ ಹನಿ ಅಲ್ವಾ?" ಅಂದರು. ನಾನು ಹೂಂ ಅಂದುಬಿಟ್ಟೆ. ಟೇಲರ್ ಅಕ್ಕನೂ ಬಂದಿದ್ದರು. ಬಣ್ಣದ ಕಡೆ ತಿರುಗಿಯೂ ನೋಡಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸುತ್ತಾ ಹೋಗಿ ಬಲಮೂಲೆಯಲ್ಲಿ ನಿಂತರು.

"ಈ ಹೊಲಿಗಿ ನಂದಲ್ಲ ಬಿಡು ತಮ್ಮ."