ಕಕ್ಕಡದ ಮಳೆಯಲ್ಲಿ ಫೇಸ್ ತ್ರೀ

"ಕೊಡಗಲ್ಲಿ ಟ್ರಯಲ್ಲಾ? ಮಳೆಗಾಲದಲ್ಲಿ ವಿಸಿಟ್‌ಗೆ ಜನರನ್ನ ತೆಪ್ಪದಲ್ಲಿ ಕರ್ಕೊಂಡು ಬರ್ತೀರಾ ಮೇಡಂ?"

ಔಷಧಿಯೊಂದನ್ನು ಜನರ ಮೇಲೆ ಪರೀಕ್ಷಿಸುವ ಟ್ರಯಲ್‌ನ ಮೂರನೇ ಹಂತಕ್ಕೆ (ಫೇಸ್ ತ್ರೀ) ನಮ್ಮ ಆಸ್ಪತ್ರೆ ಆದೀತೇ ಎಂದು ನೋಡಲು ಬೆಂಗಳೂರಿಂದ ಬಂದವರು ನಮ್ಮದೇ ಕಾಫಿ ಕುಡಿಯುತ್ತಾ ಹೀಗೆ ನಕ್ಕು ಹೋಗಿದ್ದರು. ಕೊನೆಗೆ ಟ್ರಯಲ್ ನಡೆದ ಹನ್ನೊಂದು ಸೈಟುಗಳ ಪೈಕಿ ಅತಿ ಕಡಿಮೆ ಡ್ರಾಪ್‌ಔಟ್ ಆದದ್ದು ಈ ತೆಪ್ಪದ ಸೈಟಿನಲ್ಲೇ. 64 ಜನ ಸೇರಿದ್ದರು, 24 ವಾರ ಪೂರ್ತಿ ಮುಗಿಸಿದವರು 59. ನೆನಪಿನಿಂದ ಬರೆಯುತ್ತಿದ್ದೇನೆ, ಒಂದೆರಡು ಆಚೀಚೆ ಇದ್ದೀತು.

ಔಷಧಿ ಬಿ.ಪಿ.ಯದು. ಎರಡೂ ಹಳೆಯವೇ, ಒಂದು ಟೆಲ್ಮಿಸಾರ್ಟನ್ ಜಾತಿಯದು. ಆದರೆ ಹಳೆಯ ಎರಡನ್ನು ಮೊದಲ ಸಲ ಒಂದೇ ಮಾತ್ರೆಯಲ್ಲಿ ಸೇರಿಸಿದರೂ ಕಾನೂನಿನ ಕಣ್ಣಿಗೆ ಅದು ಹೊಸ ಔಷಧವೇ ತಾನೆ. ಹಾಗಾಗಿ ಡಬಲ್ ಬ್ಲೈಂಡು (ಯಾರಿಗೆ ಯಾವ ಮಾತ್ರೆ ಎಂದು ರೋಗಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ), ದೇಶದ ಟ್ರಯಲ್‌ಗಳ ಪಟ್ಟಿಯಾದ ಸಿಟಿಆರ್‌ಐಯಲ್ಲಿ ನೋಂದಣಿ, ಎಲ್ಲ ಶಾಸ್ತ್ರವೂ ಆಯಿತು.

ಮೊದಲ ಪೆಟ್ಟು ಬಿದ್ದದ್ದು ಟ್ರಯಲ್‌ಗೆ ಸೇರುವವರ ಹಿತ ಕಾಯುವ ಎಥಿಕ್ಸ್ ಕಮಿಟಿಯಲ್ಲಿ. ಸ್ವಂತ ಕಮಿಟಿ ಇಲ್ಲದಿದ್ದರೆ ಬೇರೆಯವರದ್ದನ್ನು ಬಳಸಬಹುದು, ಆದರೆ ಅದು ಅದೇ ಊರಲ್ಲಿ ಇಲ್ಲವೇ 50 ಕಿ.ಮೀ. ಒಳಗಿರಬೇಕು ಎನ್ನುತ್ತವೆ 2019ರ ನಿಯಮಗಳು. ಮೈಸೂರು ನಮಗೆ ಅದರ ದುಪ್ಪಟ್ಟಿಗಿಂತ ದೂರ. ಇಲ್ಲೇ ಹತ್ತಿರದ ಒಂದು ಕಡೆ ಕೇಳಿದೆವು. ನಾಲ್ಕು ತಿಂಗಳು ಫೈಲ್ ಇಟ್ಟುಕೊಂಡು "ನೋಡೋಣ" ಅಂದರು. ಬೇಸತ್ತು ನಾವೇ ಕಟ್ಟಿದೆವು. ಕನಿಷ್ಠ ಏಳು ಜನ, ಅರ್ಧದಷ್ಟಾದರೂ ಹೊರಗಿನವರು, ಅಧ್ಯಕ್ಷರೂ ಹೊರಗಿನವರೇ. ಡಾಕ್ಟ್ರುಗಳು ಸಿಕ್ಕರು, ವಕೀಲರು ಸಿಕ್ಕರು. ಸಾಮಾನ್ಯ ನಾಗರಿಕರ ಸ್ಥಾನಕ್ಕೆ ಬಂದ ನಿವೃತ್ತ ಹೆಡ್‌ಮಾಸ್ಟರು ನಮ್ಮ ಕನ್ನಡದ ಒಪ್ಪಿಗೆ ಪತ್ರವನ್ನು ಕೆಂಪು ಪೆನ್ನಲ್ಲಿ ತಿದ್ದಿ, "ಇದನ್ನ ಬರೆದೋರಿಗೇ ಇದು ಅರ್ಥ ಆಗಿಲ್ಲ" ಎಂದು ವಾಪಸ್ ಕೊಟ್ಟರು. ಮೂರು ಸಲ. ಇಡೀ ಟ್ರಯಲ್‌ನಲ್ಲಿ ನಮಗೆ ಹೆಚ್ಚು ಉಪಕಾರ ಮಾಡಿದವರು ಅವರೇ. ಕಮಿಟಿ ನೋಂದಣಿ ಆಗಿ ಬರುವಷ್ಟರಲ್ಲಿ ಎಂಟು ತಿಂಗಳು ಕಳೆದಿತ್ತು. ಅಷ್ಟರಲ್ಲಿ ನಗರದ ಸೈಟುಗಳು ಅರ್ಧ ಜನರನ್ನು ಸೇರಿಸಿಕೊಂಡಿದ್ದವು.

ಆಮೇಲೆ ನನ್ನದೇ ತಪ್ಪು. ಓದಲು ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತ ಸಾಕ್ಷಿ ಬೇಕಲ್ಲ, ಸುಲಭಕ್ಕೆ ತೋಟದ ರೈಟರನ್ನೇ ಕೂರಿಸಿದೆ. ಟ್ರಯಲ್ ಸರಿಯಾಗಿ ನಡೆಯುತ್ತಿದೆಯೇ ಎಂದು ತಪಾಸಿಸುವ ಮಾನಿಟರ್ ಬಂದವನು ನೋಡಿ ಕೇಳಿದ: "ಸಂಬಳ ಬರೆಯೋನ ಮುಂದೆ ಯಾರಾದರೂ ಆಗಲ್ಲ ಅಂತಾರಾ ಮೇಡಂ?" ಒಂಬತ್ತು ಒಪ್ಪಿಗೆ ಹೋದವು. ಸಿಟ್ಟು ಬಂತು, ಆದರೆ ಮಾತು ಸರಿ ಇತ್ತು. ಆಮೇಲೆ ಅಂಗನವಾಡಿ ಟೀಚರ್ ಸಾಕ್ಷಿಯಾದರು. ರೈಟರು, ಮೇಸ್ತ್ರಿ ಯಾರೂ ಆ ಕೋಣೆಗೆ ಕಾಲಿಡುವಂತಿಲ್ಲ. ಆ ಒಂಬತ್ತು ಜನರನ್ನು ಮತ್ತೆ ಕೇಳಿದಾಗ ಮೂವರು "ಬೇಡ ಸಿಸ್ಟರ್" ಅಂದರು. ಮೊದಲ ಸಲವೇ ಅನ್ನಬೇಕಿತ್ತು ಪಾಪ.

ಇನ್ನು ರಕ್ತದ ಕಥೆ. ಸ್ಯಾಂಪಲ್ ಬೆಂಗಳೂರಿನ ಸೆಂಟ್ರಲ್ ಲ್ಯಾಬಿಗೆ ಹೋಗಬೇಕು. ಜಿಲ್ಲೆಯಲ್ಲಿ ರೈಲಿಲ್ಲ. ತೋಟದಲ್ಲಿ ರಕ್ತ ತೆಗೆದು, ಜೀಪಲ್ಲಿ ಆಸ್ಪತ್ರೆಗೆ ತಂದು, ಅಲ್ಲಿ ಸ್ಪಿನ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಕಣಗಳಿಂದ ಸೀರಂ ಎಂಬ ತಿಳಿಯನ್ನು ಬೇರ್ಪಡಿಸಿ) ಕಳಿಸುತ್ತಿದ್ದೆವು. ಮೊದಲ ತಿಂಗಳ ರಿಪೋರ್ಟಲ್ಲಿ ಏಳು ಜನರ ಪೊಟ್ಯಾಶಿಯಂ ಆರು ದಾಟಿತ್ತು, ಹೃದಯಕ್ಕೆ ಅಪಾಯದ ಮಟ್ಟ. ಆ ಜಾತಿಯ ಮಾತ್ರೆ ಪೊಟ್ಯಾಶಿಯಂ ಏರಿಸುವುದು ಗೊತ್ತಿದ್ದದ್ದೇ, ಕಂಪನಿಯವರು ರಾತ್ರಿ ಹತ್ತಕ್ಕೆ ಫೋನ್ ಮಾಡಿದರು. ಏಳೂ ಜನರನ್ನು ಕರೆಸಿ ಇಸಿಜಿ ತೆಗೆದರೆ ಎಲ್ಲ ಸರಿ. ಮತ್ತೆ ರಕ್ತ ತೆಗೆದು ಅಲ್ಲೇ ಸ್ಪಿನ್ ಮಾಡಿದರೆ 4.2, 4.5. ಆಗ ಹೊಳೆಯಿತು: ತೋಟದ ರಸ್ತೆಯ ಗುಂಡಿಗಳಲ್ಲಿ ಕುಲುಕಿ ಕೆಂಪು ಕಣಗಳು ಒಡೆದು, ಒಳಗಿನ ಪೊಟ್ಯಾಶಿಯಂ ಸೀರಂಗೆ ಸೋರಿತ್ತು. ಕಾಯಿಲೆ ಮಾತ್ರೆಯದ್ದಲ್ಲ, ರಸ್ತೆಯದ್ದು.

ಸ್ಪಿನ್ ಮಾಡುವ ಸೆಕೆಂಡ್‌ಹ್ಯಾಂಡ್ ಯಂತ್ರ, ಸೆಂಟ್ರಿಫ್ಯೂಜ್ ಒಂದನ್ನು ಹದಿನೆಂಟು ಸಾವಿರಕ್ಕೋ ಏನೋ ತಂದು, ಸಣ್ಣ ಜನರೇಟರ್ ಜೊತೆ ಜೀಪಿನಲ್ಲೇ ಒಯ್ದೆವು. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು ತೋಟದ ಕೆಲಸಗಾರರ ಲೈನ್‌ಮನೆ ಜಗಲಿಯಲ್ಲೇ ಸ್ಪಿನ್. ಮುಂದೆ ಬೆಂಗಳೂರಿಗೆ ಕಳಿಸುವ ಪೆಟ್ಟಿಗೆಯೊಳಗೆ ಟ್ಯೂಬುಗಳನ್ನು ಯಾವುದರ ನಡುವೆ ಕೂರಿಸುತ್ತೇವೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನಮ್ಮ ಅಟೆಂಡರ್ ಕಂಡುಹಿಡಿದದ್ದು, ಅವರನ್ನೇ ಕೇಳಿ.

ಪ್ರತಿ ವಿಸಿಟ್‌ಗೆ ಗೊತ್ತುಮಾಡಿದ ದಿನಕ್ಕಿಂತ ಮೂರು ದಿನ ಆಚೆ, ಮೂರು ದಿನ ಈಚೆ ಮಾತ್ರ ಅವಕಾಶ. ಕಾಫಿ ಕೊಯ್ಲಿನಲ್ಲಿ ಯಾರು ಬರುತ್ತಾರೆ? ಫೋನ್ ಮಾಡಿದರೆ ನೆಟ್‌ವರ್ಕ್ ಇಲ್ಲ, ಎಸ್ಸೆಮ್ಮೆಸ್ಸು ಯಾರೂ ಓದುವುದಿಲ್ಲ. ಬಟವಾಡೆ ದಿನ ತೋಟದಲ್ಲೇ ಮಾಡೋಣ ಅಂದರೆ ಹೆಡ್‌ಮಾಸ್ಟರು ಒಪ್ಪಲಿಲ್ಲ, ಮತ್ತದೇ ರೈಟರ ನೆರಳು ಅಂದರು. ಕೊನೆಗೆ ಸಂತೆ ದಿನ ಹಿಡಿದೆವು. ಸಂತೆಗೆ ಹೇಗೂ ಬರುತ್ತಾರೆ, ಚೀಲ ನಮ್ಮಲ್ಲಿಟ್ಟು ಬಿ.ಪಿ. ತೋರಿಸಿ ಹೋಗುತ್ತಾರೆ. ಪ್ರತಿಯೊಬ್ಬರ ಮೊದಲ ದಿನವನ್ನೇ ಸಂತೆಗೆ ಹೊಂದಿಸಿದರೆ ಮುಂದಿನ ವಿಸಿಟ್‌ಗಳು ವಾರದ ಲೆಕ್ಕದಲ್ಲಿ ತಾವಾಗಿಯೇ ಸಂತೆಗೇ ಬೀಳುತ್ತವೆ. ಇಷ್ಟು ಸರಳ ವಿಷಯ ಹೊಳೆಯಲು ನನಗೆ ಐದು ತಿಂಗಳು ಬೇಕಾಯಿತು.

ಆಗಸ್ಟ್ ಮೊದಲ ವಾರ ಇನ್ನೊಂದು ತಮಾಷೆ. ಒಂದೇ ಸಂತೆಯಲ್ಲಿ ಆರು ಜನರ ಮೂತ್ರ ಕೆಂಪು! ಹೊಸದಾಗಿ ಸೇರಿದ ಹುಡುಗಿ ಮಂಡ್ಯದವಳು, ರಕ್ತ ಹೋಗುತ್ತಿದೆ ಎಂದು ಆರು ಅಡ್ವರ್ಸ್ ಇವೆಂಟ್ (ಟ್ರಯಲ್‌ನಲ್ಲಿ ಆದ ತೊಂದರೆಯ ದಾಖಲೆ) ಬರೆದು ಅಳುವುದೊಂದು ಬಾಕಿ. ಡಬ್ಬಿ ನೋಡಿದ್ದೇ ನನಗೆ ನಗು ಬಂತು. ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೇ ದಿನ. ಎಲ್ಲರೂ ಮೂತ್ರ ಕೆಂಪಾಗಿಸುವ ಮದ್ದುಸೊಪ್ಪಿನ ಪಾಯಸ ಉಂಡಿದ್ದರು, ನಾನೂ ಉಂಡಿದ್ದೆ. ಹಾಗಂತ ನಕ್ಕು ಬಿಡುವಂತಿಲ್ಲವಲ್ಲ. ಸೊಪ್ಪು ಬೇಯಿಸಿದ ನೀರಿಗೆ ಮೂತ್ರ ಪರೀಕ್ಷೆಯ ಪಟ್ಟಿ (ಡಿಪ್‌ಸ್ಟಿಕ್) ಅದ್ದಿ ನೋಡಿದೆ: ಪಟ್ಟಿಯ ಎಲ್ಲ ಚೌಕವೂ ನೇರಳೆ ಬಣ್ಣ ಹೀರಿಕೊಂಡು, ಯಾವುದನ್ನೂ ಓದಲಾಗಲಿಲ್ಲ. ಅಂದರೆ ಪಟ್ಟಿಯನ್ನು ನಂಬುವಂತಿಲ್ಲ. ಆರೂ ಸ್ಯಾಂಪಲ್ ಮೈಕ್ರೋಸ್ಕೋಪಿನಡಿ ಇಟ್ಟೆವು, ಕೆಂಪು ಕಣ ಇಲ್ಲ. ಪಾಯಸವನ್ನು ಜೊತೆ ಔಷಧಿಗಳ ಕಾಲಂನಲ್ಲಿ ಬರೆದೆವು. "ಡೋಸ್ ಎಷ್ಟು?" ಎಂದು ಕಂಪನಿಯಿಂದ ಕ್ವೆರಿ ಬಂತು. "ಎರಡು ಬಟ್ಟಲು" ಎಂದು ಉತ್ತರಿಸಿದೆ. ಆ ಸೊಪ್ಪಿನಲ್ಲಿ ಹದಿನೆಂಟು ಮದ್ದು ಇದೆ ಎಂದು ಅಜ್ಜಿ ಹೇಳುತ್ತಿದ್ದರು; ಅದನ್ನೂ ಒಮ್ಮೆ ಇದೇ ಶಿಸ್ತಿನಲ್ಲಿ ಪರೀಕ್ಷಿಸುವ ಆಸೆ ಇದೆ, ದುಡ್ಡು ಕೊಡುವವರಿಲ್ಲ.

ದುಡ್ಡಿನ ಮಾತು ಬಂತಲ್ಲ. ಪೂರ್ತಿ ಮುಗಿಸಿದ ಒಬ್ಬರಿಗೆ ಸುಮಾರು ಮೂವತ್ತು ಸಾವಿರ ನಮಗೆ ಸಿಕ್ಕಿತು, ಅದೂ ಕ್ವೆರಿ ಎಲ್ಲ ತೀರಿದ ಮೇಲೆ. ಬಂದವರಿಗೆ ವಿಸಿಟ್‌ಗೆ ಐನೂರು ಅಂದೇ ಕೈಗೆ ಕೊಡಬೇಕು. ಮೊದಲ ವರ್ಷ ಎರಡು ಲಕ್ಷದ ಹತ್ತಿರ ನಾವೇ ಹಾಕಿದ್ದೆವು. ಜೀಪಿನ ಡೀಸೆಲ್ ಯಾವ ಬಜೆಟ್‌ನಲ್ಲೂ ಇರಲಿಲ್ಲ. ಈಗ ಹೊಸ ಕರಾರಿನಲ್ಲಿ ಡೀಸೆಲ್ ಮೊದಲ ಸಾಲಿನಲ್ಲೇ ಇರುತ್ತದೆ.

ಮಳೆಗಾಲದ ತೇವದಿಂದ ಮಾತ್ರೆಗೆ ನಮ್ಮಲ್ಲಿ ತೊಂದರೆ ಆಗಲಿಲ್ಲ, ಬ್ಲಿಸ್ಟರ್ ಪಟ್ಟಿಯೊಳಗೆ ಮುಚ್ಚಿತ್ತು. ಬೂಸ್ಟು ಹಿಡಿದದ್ದು ಕಾಗದಕ್ಕೆ. ಸಹಿ ಹಾಕಿದ ಒಪ್ಪಿಗೆ ಪತ್ರಗಳ ಮೇಲೆ ಹಸಿರು ಚುಕ್ಕೆ ನೋಡಿ ಎದೆ ಧಸಕ್ಕೆಂದಿತ್ತು. ಅಮ್ಮ ರೇಷ್ಮೆ ಸೀರೆಗೆ ಮಾಡುತ್ತಿದ್ದಂತೆ ಬೀರುವಿನ ಕೆಳಗಿನ ಅಂತಸ್ತು ಖಾಲಿ ಮಾಡಿ, 40 ವ್ಯಾಟಿನ ಹಳೆಯ ಬಲ್ಬು ಹಾಕಿ ಹಗಲೂ ರಾತ್ರಿ ಉರಿಸಿದೆವು. ಟ್ರಯಲ್ ಮುಗಿದರೂ ಕಾಗದ ಇನ್ನೂ ವರ್ಷಗಟ್ಟಲೆ ಕಾಯಬೇಕು. ಮೊನ್ನೆ ಬಲ್ಬು ಹೋಗಿತ್ತು. ಎಲ್‌ಇಡಿಗೆ ಬಿಸಿ ಸಾಲದು, ಹಳೆಯ ಥರದ್ದಕ್ಕೆ ಮೂರು ಅಂಗಡಿ ಅಲೆಯಬೇಕಾಯಿತು.