ನನ್ನ ಯುದ್ಧದ ಕಥೆಯಲ್ಲೊಂದು ಮಂಡಕ್ಕಿ ಗಾಡಿ

ಕಥೆ ನಡೆಯುವುದು 2071ರಲ್ಲಿ. ಲಿಂಗನಮಕ್ಕಿ ಡ್ಯಾಮಿನ ನೀರು, ಅದರಿಂದ ಬರುವ ಕರೆಂಟು ಯಾರ ಕೈಗೆ ಸೇರಬೇಕು ಅಂತ ಯುದ್ಧ. ಮೇಲೆ ಡ್ರೋನ್, ಕೆಳಗೆ ಕತ್ತಲಾದ ಶಿವಮೊಗ್ಗ. ಸೈನಿಕರು, ಎಂಜಿನಿಯರುಗಳೆಲ್ಲ ಸಲೀಸಾಗಿ ಬಂದರು. ಬರೆಯಲು ಖುಷಿ ಕೊಟ್ಟವನು ಮಾತ್ರ ಗಾಂಧಿ ಬಜಾರಿನ ಮಂಡಕ್ಕಿ ಅಣ್ಣ. ಹೆಸರಿಲ್ಲ. ಇಡೀ ಕಥೆಯಲ್ಲಿ ಬರುವುದು ಮೂರೇ ಸಲ.

ಇಂಥ ಪಾತ್ರ ಸಿಕ್ಕರೆ ಗೂಢಚಾರ ಮಾಡೋಣ ಅನಿಸುತ್ತದೆ. ಇಲ್ಲಾಂದ್ರೆ ಬಾಯಲ್ಲಿ ವೇದಾಂತ ಆಡಿಸೋಣ ಅಂತ. ಎರಡೂ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅವನಿಗೆ ಯುದ್ಧ ಗೊತ್ತಾಗಬೇಕಾದ್ದು ಗಾಡಿ ಮೇಲಿನ ಸಾಮಾನಿನಿಂದ.

ಹಾಗಾಗಿ ಸಾಮಾನಿನ ಲೆಕ್ಕ ಹಾಕಿದೆ. ಮಂಡಕ್ಕಿಗೆ ಬೇಕಾದ ಭತ್ತ ತುಂಗಾ, ಭದ್ರಾ ನಾಲೆಯ ಗದ್ದೆಗಳಲ್ಲೇ ಬೆಳೆಯುತ್ತದೆ. ಶೇಂಗಾ ಹಾಗಲ್ಲ, ಚಳ್ಳಕೆರೆ ಕಡೆಯಿಂದ ಬರಬೇಕು. ಚಿತ್ರದುರ್ಗದ ರಸ್ತೆ ಬಂದ್ ಆದ ಮರುವಾರ ಅವನ ಮಂಡಕ್ಕಿಯಲ್ಲಿ ಶೇಂಗಾ ಇಲ್ಲ. ಶತ್ರು ಎಲ್ಲಿವರೆಗೆ ಬಂದ ಅಂತ ನಾನು ಬೇರೆ ಹೇಳಲೇ ಇಲ್ಲ. ನೆಟ್‌ವರ್ಕ್ ಸತ್ತ ಮೇಲೆ ಫೋನಲ್ಲಿ ದುಡ್ಡೂ ಬರಲ್ಲ, ಉದ್ದರಿ ಪುಸ್ತಕ ಹೊರಗೆ ಬಂತು. (2071ರಲ್ಲೂ ಫೋನ್ ಇರುತ್ತಾ ಅಂತ ಕೇಳಬೇಡಿ. ಇರುತ್ತೆ.)

ಸಂಜೆ ಹೊತ್ತು ಗಾಡಿಗಳ ಹತ್ತಿರ ಸುಮ್ನೆ ನಿಂತು ಮಂಡಕ್ಕಿ ಕಲಸುವವರ ಕೈ ನೋಡುತ್ತಿದ್ದೆ. ಈರುಳ್ಳಿ, ಖಾರದಪುಡಿ, ಎಣ್ಣೆ ಬಿದ್ದು ಕಲಸಿದ ಮೇಲೆ ಮಂಡಕ್ಕಿ ಕಾಯುವುದಿಲ್ಲ. ನಮ್ಮ ಮಳೆಗಾಲದಲ್ಲಂತೂ ಕೇಳಲೇಬೇಡಿ. ಕಲಸಿ ಪೊಟ್ಟಣಕ್ಕೆ ಹಾಕುವ ಹೊತ್ತಿಗೇ ಸೈರನ್ ಕೂಗಿದರೆ? ಅವನ ಮೊದಲ ಮಾತು ಹಾಗೆ ಹುಟ್ಟಿತು: "ತಿಂದ್ಕೊಂಡೇ ಓಡಿ ಸಾರ್, ಮೆತ್ತಗಾಗುತ್ತೆ."

ತಂತ್ರಜ್ಞಾನವೂ ಅವನ ಕೈಗೇ ಬಂತು. ಉಕ್ರೇನ್ ಯುದ್ಧದಲ್ಲಿ ಕೆಲವು ಡ್ರೋನ್‌ಗಳು ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ ಬಿಚ್ಚಿಕೊಂಡು ಹಾರುತ್ತವೆ. ಸಂದೇಶ ಎಳೆಯಲ್ಲೇ ಹೋಗುವುದರಿಂದ ರೇಡಿಯೊ ಸಿಗ್ನಲ್ ಕೆಡಿಸುವ ಜಾಮರ್ ಆಟ ನಡೆಯಲ್ಲ. ನನ್ನ ಕಥೆಯಲ್ಲಿ ಆ ಎಳೆಗಳು ಬಜಾರಿನ ಕರೆಂಟ್ ಕಂಬಗಳಿಗೆಲ್ಲ ಸುತ್ತಿಕೊಂಡಿವೆ. ಬಿಟ್ಟಿ ಹಗ್ಗ ಸಿಕ್ಕಿತು ಅಂತ ಅಣ್ಣ ಟಾರ್ಪಾಲು ಕಟ್ಟಲು ನೋಡುತ್ತಾನೆ. ಎಳೆದರೆ ತಡೆಯುತ್ತದೆ. ಗಂಟು ಬಿಗಿದ ತಕ್ಷಣ ಟಪ್ ಅಂತ ಮುರಿಯುತ್ತದೆ. "ಇವ್ರ ಯುದ್ಧದ್ದು ಒಂದೂ ಕೆಲಸಕ್ಕೆ ಬರಲ್ಲ" ಅಂತ ಬೈದು ಸುತಲಿ ಹುಡುಕುತ್ತಾನೆ.

"ಅಣ್ಣನ್ನ ಸಾಯಿಸು ಮಾರಾಯ, ಓದೋರು ಅಳ್ತಾರೆ" ಅಂದ ಗೆಳೆಯ. ನಾನು ಒಪ್ಪಲಿಲ್ಲ. ಸಾಯುವವನು ಉದ್ದರಿಯಲ್ಲಿ ತಿಂದುಹೋದ ಹುಡುಗ, ಆಗುಂಬೆ ಘಾಟಿಯಲ್ಲಿ. ಅದು ಅಣ್ಣನಿಗೆ ಗೊತ್ತಿಲ್ಲ. ಜೊತೆಗಿದ್ದ ಸೈನಿಕ ವಾಪಸ್ ಬಂದಾಗ ಪುಸ್ತಕ ತೆಗೆದು, "ನಿಮ್ ಜೊತೆಯವ್ರದ್ದು ಇನ್ನೂರು ಬಾಕಿ ಇದೆ, ಸ್ವಲ್ಪ ನೆನಪು ಮಾಡ್ತೀರಾ?" ಅನ್ನುತ್ತಾನೆ. ಸೈನಿಕ ಏನೂ ಹೇಳದೆ ದುಡ್ಡು ಕೊಡುತ್ತಾನೆ. ಕಥೆ ಉದ್ದವಾಯಿತು ಅನಿಸಿದಾಗ ಸೇನಾಧಿಕಾರಿಯ ಭಾಷಣ ತೆಗೆದೆ, ಇದನ್ನು ಮುಟ್ಟಲಿಲ್ಲ.

ಓದಿದ ಕೆಲವರಿಗೆ ಅಣ್ಣ ಕಲ್ಲುಮನಸ್ಸಿನವನು ಅನಿಸಿದೆಯಂತೆ. ಶೇಂಗಾ ರೇಟು ನೋಡಿ ಆಮೇಲೆ ಹೇಳಿ ಅಂದೆ.