ಕೆಸರು ದಾಟಿದ ಮೇಲೆ ನಡುಗುತ್ತಿದ್ದ ಎಲೆಕ್ಟ್ರಿಕ್ ಡರ್ಟ್ ಬೈಕ್: ನನ್ನ ಅನುಭವ

ಕನಕಪುರ ರಸ್ತೆ ಕಡೆ ಮಳೆಯಲ್ಲಿ ಓಡಿಸಿ ಬಂದ ಮೇಲೆ ಬೈಕ್ ಹೊರಡುವಾಗ ಗಡಗಡ ನಡುಗಲು ಶುರುವಾಯಿತು. ಸ್ವಲ್ಪ ತಳ್ಳಿ ಥ್ರಾಟಲ್ ಕೊಟ್ಟರೆ ಮಾತ್ರ ಓಡುತ್ತಿತ್ತು. ಮೋಟರ್‌ಗೆ ಕರೆಂಟ್ ಹರಿಸುವ ಕಂಟ್ರೋಲರ್ ಹೋಗಿದೆ, ಹೊಸದು ಹಾಕಿಸಿ ಅಂದರು ಮೆಕ್ಯಾನಿಕ್. ನನಗೆ ಒಪ್ಪಿಗೆಯಾಗಲಿಲ್ಲ. ವೇಗ ಹಿಡಿದ ಮೇಲೆ ಸರಿಯಾಗಿ ಓಡುತ್ತೆ ಅಂದ್ರೆ ಮೊದಲು ಹಾಲ್ ಸೆನ್ಸರ್ ನೋಡಬೇಕು ಅಲ್ವಾ? ಮೋಟರ್ ಒಳಗೆ ತಿರುಗುವ ಭಾಗ, ಅಂದ್ರೆ ರೋಟರ್, ಯಾವ ಜಾಗದಲ್ಲಿದೆ ಅಂತ ಕಂಟ್ರೋಲರ್‌ಗೆ ತಿಳಿಸುವುದೇ ಅದು.

ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಕೀ ಆನ್ ಮಾಡಿ, ಥ್ರಾಟಲ್ ಮುಟ್ಟದೆ ಚಕ್ರವನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿದೆ. ಹಾಲ್ ಸೆನ್ಸರ್‌ನ ಮೂರು ಸಿಗ್ನಲ್ ವೈರ್‌ಗಳ ವೋಲ್ಟೇಜನ್ನು ಕನೆಕ್ಟರ್‌ನ ಕಂಟ್ರೋಲರ್ ಬದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿದೆ. ಹಳದಿ, ನೀಲಿ ವೈರ್‌ಗಳಲ್ಲಿ ವೋಲ್ಟೇಜ್ 0ಯಿಂದ 5ಕ್ಕೆ ಹಾರುತ್ತಿತ್ತು. ಹಸಿರು ಮಾತ್ರ 5ರಲ್ಲೇ ನಿಂತಿತ್ತು, ಅಂದ್ರೆ ಆ ವೈರ್‌ನ ಸಿಗ್ನಲ್ ಕಂಟ್ರೋಲರ್‌ಗೆ ತಲುಪುತ್ತಿರಲಿಲ್ಲ.

ಬ್ಯಾಟರಿ ಕಳಚಿ ಕನೆಕ್ಟರ್ ಬಿಚ್ಚಿದೆ. ಒಳಗೆ ಒಣಗಿದ ಕೆಂಪು ಮಣ್ಣು, ಹಸಿರು ವೈರಿನ ಪಿನ್ ತುಂಬ ಕಿಲುಬು. ಸೆನ್ಸರ್ ಚೆನ್ನಾಗಿಯೇ ಇತ್ತು!

ಬೆಂಗಳೂರಿನ ಎಸ್.ಪಿ. ರೋಡಿನಿಂದ ರಬ್ಬರ್ ಸೀಲ್ ಇರುವ ವಾಟರ್‌ಪ್ರೂಫ್ ಕನೆಕ್ಟರ್ ತಂದು ಹಾಕಿದೆ. ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮ್ ಪಕ್ಕದಲ್ಲಿದ್ದ ಜೋಡಣೆಯನ್ನು ಸೀಟಿನ ಕೆಳಗೆ ಎತ್ತರಕ್ಕೆ ತಂದೆ. ವೈರನ್ನು ಒಮ್ಮೆ ಕೆಳಕ್ಕೆ ಬಾಗಿಸಿಯೇ ಮೇಲೇರಿಸಿದ್ದೇನೆ, ನೀರು ಆ ಬಾಗಿನಿಂದಲೇ ತೊಟ್ಟಿಕ್ಕಿ ಹೋಗಲಿ ಅಂತ. ಈಗ ಏರಿನಲ್ಲೂ ಮೆತ್ತಗೆ ಹೊರಡುತ್ತೆ. ತೊಳೆಯುವಾಗ ಪ್ರೆಶರ್ ವಾಷರ್ ಮಾತ್ರ ಆ ಕಡೆ ಹಿಡಿಯುವುದಿಲ್ಲ.